ಮಾಳಮಡ್ಡಿಯ ಅಕ್ಕೋರ ಮನೆಯ ಸಂಜೆಪಾಠ: ಒಂದೂವರೆ ವರ್ಷದ ಅನುಭವ

ಧಾರವಾಡದಲ್ಲಿ ಪಾಠ ಹೇಳಿಕೊಡುವವರಿಗೆ ಬರವಿಲ್ಲ. ಸಪ್ತಾಪುರದ ಒಂದು ಓಣಿಯಲ್ಲಿ ಹಾದುಹೋದರೂ ಸಾಕು, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಯ ಫಲಕಗಳು ಒಂದರ ಮೇಲೊಂದು ಕಾಣಿಸುತ್ತವೆ. ಆದರೆ ಎಂಟನೆಯ ತರಗತಿಯ ಹುಡುಗನೊಬ್ಬ ಸಂಜೆ ಶಾಲೆಯಿಂದ ಬಂದು, ಗಣಿತದ ನಾಲ್ಕು ಲೆಕ್ಕ, ಸಮಾಜ ವಿಜ್ಞಾನದ ಎರಡು ಪ್ರಶ್ನೆ, ಕನ್ನಡದ ಒಂದು ಸಂಧಿ ಅಭ್ಯಾಸ, ಹಿಂದಿಯ ಒಂದು ಪುಟ ಇಷ್ಟನ್ನೂ ಮುಂದಿಟ್ಟುಕೊಂಡು ಕುಳಿತಾಗ, ಅವನ ಪಕ್ಕದಲ್ಲಿ ಕುಳಿತು ಎಲ್ಲಿ ತೊಡಕಾಯಿತು ಎಂದು ವಿಚಾರಿಸುವವರು ಸಿಗುವುದು ಕಷ್ಟ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ನಮ್ಮಂಥ ಮನೆಗಳಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಇದ್ದರೂ ನಾವು ಕಲಿತದ್ದು ಅರ್ಧ ಮರೆತುಹೋಗಿರುತ್ತದೆ. ಈ ಕೊರತೆಯನ್ನು ತುಂಬುವ ಒಂದು ಸಂಜೆಪಾಠ ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ನಡೆಯುತ್ತಿದೆ. ನನ್ನ ಮಗಳು ಹತ್ತನೆಯ ತರಗತಿಯ ಇಡೀ ವರ್ಷ ಅಲ್ಲಿಗೆ ಹೋದಳು. ಎಂಟನೆಯ ತರಗತಿಯಲ್ಲಿರುವ ಮಗ ಈಗಲೂ ಹೋಗುತ್ತಾನೆ. ಮಕ್ಕಳಿಗಾಗಿ ಇಂಥದ್ದನ್ನೇ ಹುಡುಕುತ್ತಿರುವ ಪಾಲಕರಿಗೆ ಉಪಯೋಗವಾದೀತೆಂದು ಅಲ್ಲಿಯ ಗುಣವನ್ನೂ ಕೊರತೆಯನ್ನೂ ನಾನು ಕಂಡಂತೆ ಬರೆಯುತ್ತಿದ್ದೇನೆ.

ಈ ಪಾಠಕ್ಕೆ ಫಲಕವಿಲ್ಲ, ಹೆಸರೂ ಇಲ್ಲ. ನಡೆಸುವವರು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಶಿಕ್ಷಕಿ. ಈ ಕಡೆಯ ವಾಡಿಕೆಯಂತೆ ಮಕ್ಕಳಿಗೂ ಪಾಲಕರಿಗೂ ಅವರು ಅಕ್ಕೋರು. ಸೋಮವಾರದಿಂದ ಶನಿವಾರದವರೆಗೆ ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಪಾಠ ನಡೆಯುತ್ತದೆ. ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಹದಿನಾರು ಮಕ್ಕಳಿದ್ದಾರೆ. ಅದಕ್ಕಿಂತ ಹೆಚ್ಚು ಮಂದಿಯನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಎಲ್ಲ ವಿಷಯಗಳಿಗೂ ಸೇರಿ ತಿಂಗಳಿಗೆ 800 ರೂಪಾಯಿ. ಕುಳಿತುಕೊಳ್ಳಲು ಜಮಖಾನೆ, ಬರೆಯಲು ಮಣೆ, ಗೋಡೆಗೆ ಒಂದು ಕರಿಹಲಗೆ, ಅದರ ಪಕ್ಕ ಕರ್ನಾಟಕದ ಮತ್ತು ಭಾರತದ ಎರಡು ನಕಾಶೆಗಳು: ಅಲ್ಲಿರುವ ಸಾಮಗ್ರಿ ಇಷ್ಟೇ.

ಅಲ್ಲಿಯ ಮೊದಲ ನಿಯಮವನ್ನು ಸೇರಿಸುವ ದಿನವೇ ಪಾಲಕರಿಗೆ ಹೇಳಿಬಿಡುತ್ತಾರೆ: ಇಲ್ಲಿ ಉತ್ತರ ಹೇಳುವುದಿಲ್ಲ. ಮಗು ಪಠ್ಯಪುಸ್ತಕ ತೆರೆದು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ವಹಿಯ ಎಡಗಡೆಯ ಪುಟದಲ್ಲಿ ‘ಏನು ಕೊಟ್ಟಾರ, ಏನು ಕೇಳ್ಯಾರ’ ಎಂಬ ಎರಡು ಸಾಲುಗಳನ್ನು ತನ್ನ ಮಾತಿನಲ್ಲೇ ಬರೆಯಬೇಕು. ಆ ಎರಡು ಸಾಲು ಬರೆಯದೆ ಅಕ್ಕೋರ ಬಳಿಗೆ ಹೋಗುವಂತಿಲ್ಲ. ಇದೇನು ದೊಡ್ಡ ವಿಷಯ ಎಂದು ನನಗೂ ಮೊದಲಿಗೆ ಅನಿಸಿತ್ತು. ಆದರೆ ನನ್ನ ಮಕ್ಕಳಿಬ್ಬರ ವಹಿಗಳನ್ನು ತಿರುವಿ ನೋಡಿದಾಗ, ಅವರು ಸಿಕ್ಕಿಹಾಕಿಕೊಂಡಿದ್ದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಎರಡನೆಯ ಸಾಲು ಬರೆಯುವಷ್ಟರಲ್ಲೇ ಬಿಡಿಸಿಹೋಗಿರುವುದು ಕಂಡಿತು. ಮಕ್ಕಳಿಗೆ ಲೆಕ್ಕ ಬರುವುದಿಲ್ಲವೆಂದು ನಾವು ಅಂದುಕೊಳ್ಳುತ್ತೇವೆ; ಎಷ್ಟೋ ಸಲ ಅವರಿಗೆ ಬಾರದಿರುವುದು ಪ್ರಶ್ನೆಯನ್ನು ನಿಂತು ಓದುವುದು.

ಒಂದು ಸಂಜೆ ಮಗನನ್ನು ಕರೆತರಲು ಬೇಗ ಹೋಗಿದ್ದೆ. ಅವನ ಮುಂದೆ ಇದ್ದದ್ದು ವಿಲೋಮ ಅನುಪಾತದ ಲೆಕ್ಕ: ಹನ್ನೆರಡು ಆಳುಗಳು ಒಂದು ಕೆಲಸವನ್ನು 20 ದಿನಗಳಲ್ಲಿ ಮುಗಿಸಿದರೆ, ಅದೇ ಕೆಲಸವನ್ನು ಹದಿನೈದು ಆಳುಗಳು ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಅವನು 20ನ್ನು 15ರಿಂದ ಗುಣಿಸಿ 12ರಿಂದ ಭಾಗಿಸಿ 25 ದಿನ ಎಂದು ಬರೆದು, ಸರಿ ಎಂದು ಗುರುತು ಹಾಕಿಸಿಕೊಳ್ಳಲು ಕಾಯುತ್ತಿದ್ದ. ಅಕ್ಕೋರು ತಪ್ಪು ಎನ್ನಲಿಲ್ಲ. ‘ತಮ್ಮಾ, ಉತ್ತರ ಆಮ್ಯಾಲೆ ನೋಡೂಣು. ನಿಮ್ಮ ಅಜ್ಜನ ಹೊಲದಾಗ ಶೇಂಗಾ ಕೀಳಾಕ ಹನ್ನೆರಡ ಮಂದಿ ಬರೂದ ಬಿಟ್ಟು ಹದಿನೈದ ಮಂದಿ ಬಂದ್ರ, ಕೆಲಸ ಲಗೂ ಮುಗೀತೈತೋ, ತಡಾ ಆಕ್ಕೈತೋ?’ ಎಂದಷ್ಟೇ ಕೇಳಿದರು. ಅವನು ‘ಲಗೂ’ ಎಂದ. ಒಂದು ಗಳಿಗೆ ತನ್ನ 25ನ್ನೇ ನೋಡುತ್ತ ಕುಳಿತು, ಯಾರೂ ಹೇಳದಿದ್ದರೂ ಅದನ್ನು ಹೊಡೆದುಹಾಕಿದ. ಒಟ್ಟು ಕೆಲಸ 12 ಗುಣಿಸು 20, ಅಂದರೆ 240 ಆಳುದಿನ. ಅದನ್ನು 15 ಜನರಿಗೆ ಹಂಚಿದರೆ 16 ದಿನ. ಲೆಕ್ಕ ಮಾಡುವ ಮೊದಲೇ ಉತ್ತರ 20ಕ್ಕಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ಅಂದಾಜು ಮಾಡುವ ಅಭ್ಯಾಸ ಅವನಿಗೆ ಅಂದಿನಿಂದ ಹತ್ತಿದೆ. ಈಗ ಬಡ್ಡಿಯ ಲೆಕ್ಕವಿರಲಿ, ವೇಗದ ಲೆಕ್ಕವಿರಲಿ, ವಹಿಯ ಅಂಚಿನಲ್ಲಿ ಮೊದಲು ‘ಕಡಿಮೆ’ ಅಥವಾ ‘ಹೆಚ್ಚು’ ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾನೆ.

ಹೊಡೆದುಹಾಕಿದ ಆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಪ್ರತಿ ಮಗುವಿನ ಬಳಿಯೂ ‘ತಪ್ಪಿನ ವಹಿ’ ಎಂಬ ಒಂದು ನೂರು ಪುಟದ ವಹಿ ಇದೆ. ತಪ್ಪಾದ ಲೆಕ್ಕವನ್ನು ತಪ್ಪಾಗಿ ಮಾಡಿದ ಹಾಗೆಯೇ ಅದರಲ್ಲಿ ಬರೆದು, ಪಕ್ಕದಲ್ಲಿ ಏಕೆ ತಪ್ಪಾಯಿತೆಂದು ಒಂದೇ ವಾಕ್ಯದಲ್ಲಿ ಕಾರಣ ಬರೆಯಬೇಕು. ‘ಅವಸರ ಮಾಡಿದೆ’ ಎಂಬ ಕಾರಣವನ್ನು ಅಕ್ಕೋರು ಒಪ್ಪುವುದಿಲ್ಲ. ‘ಆಳು ಹೆಚ್ಚಾದರೆ ದಿನ ಕಡಿಮೆಯಾಗುತ್ತದೆ ಎಂದು ಯೋಚಿಸದೆ ಗುಣಿಸಿದೆ’ ಎಂಬಂತೆ ಖಚಿತವಾಗಿರಬೇಕು. ಪ್ರತಿ ಶನಿವಾರ ಹೊಸ ಹೋಮ್‌ವರ್ಕ್‌ ಇಲ್ಲ, ಆ ವಹಿಯೊಂದೇ. ಮಗಳು ಪರೀಕ್ಷೆಯ ಹಿಂದಿನ ವಾರ ಬೇರೆ ಪುಸ್ತಕಗಳಿಗಿಂತ ಹೆಚ್ಚಾಗಿ ಓದಿದ್ದು ಇದನ್ನೇ. ಈ ಒಂದು ಕ್ರಮಕ್ಕಾಗಿಯೇ ನಾನು 800 ರೂಪಾಯಿ ಕೊಡಲು ಸಿದ್ಧ.

ಅಕ್ಕೋರ ನಿಜವಾದ ಶಕ್ತಿ ಕಾಣುವುದು ಕನ್ನಡದಲ್ಲಿ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿದ್ದರೂ, ಕನ್ನಡವೇನು, ಮನೆಮಾತು, ಹೇಗೂ ಬರುತ್ತದೆ ಎಂದು ಹೆಚ್ಚಿನ ಮನೆಗಳಲ್ಲಿ ಅದನ್ನು ಕೊನೆಗೆ ತಳ್ಳುತ್ತೇವೆ. ಮಕ್ಕಳು ವ್ಯಾಕರಣವನ್ನು ಕೋಷ್ಟಕ ಮಾಡಿ ಬಾಯಿಪಾಠ ಹೊಡೆಯುತ್ತಾರೆ. ಕೋಷ್ಟಕದಲ್ಲಿಲ್ಲದ ಪದ ಬಂದರೆ ಕೈಕಟ್ಟಿ ಕೂರುತ್ತಾರೆ. ಇಲ್ಲಿ ಸಂಧಿಯನ್ನು ಕಿವಿಯಿಂದ ಕಲಿಸುತ್ತಾರೆ. ಎರಡು ಪದಗಳನ್ನು ಮೊದಲು ಬಿಡಿಬಿಡಿಯಾಗಿ, ಆಮೇಲೆ ಬೇಗಬೇಗ ಹೇಳಿಸಿ, ಯಾವ ದನಿ ಹೋಯಿತು, ಯಾವುದು ನಡುವೆ ಬಂತು, ಯಾವುದು ಬದಲಾಯಿತು ಎಂದು ಕೇಳುತ್ತಾರೆ. ‘ಊರು’, ‘ಊರು’ ಎಂದು ಬೇಗ ಹೇಳಿದರೆ ಊರೂರು. ಮೊದಲ ಪದದ ಕೊನೆಯ ಉಕಾರ ಹೋಯಿತು, ಅದು ಲೋಪ. ‘ಹೊಲ’, ‘ಅನ್ನು’ ಸೇರಿದರೆ ಹೊಲವನ್ನು. ಎರಡರಲ್ಲೂ ಇಲ್ಲದ ವಕಾರ ಬಂದು ಕುಳಿತಿತು, ಅದು ಆಗಮ. ‘ಮಳೆ’, ‘ಕಾಲ’ ಸೇರಿದರೆ ಮಳೆಗಾಲ. ಕಕಾರ ಹೋದ ಜಾಗಕ್ಕೆ ಗಕಾರ ಬಂತು, ಅದು ಆದೇಶ. ಹೋಯಿತು, ಬಂತು, ಬದಲಾಯಿತು ಎಂಬ ಮೂರು ಮಾತು ಮಗನ ತಲೆಯಲ್ಲಿ ಕುಳಿತ ಮೇಲೆ, ರಸ್ತೆಯ ಅಂಗಡಿ ಫಲಕಗಳನ್ನು ಓದುತ್ತ ಹೋಗುವಾಗಲೂ ಅವನು ಪದಗಳನ್ನು ಬಿಡಿಸತೊಡಗಿದ್ದಾನೆ.

ಮಗಳ ತೊಡಕು ಬೇರೆಯದಾಗಿತ್ತು. ಅವಳಿಗೆ ಪ್ರಸ್ತಾರ ಹಾಕುವುದೆಂದರೆ, ಅಂದರೆ ಅಕ್ಷರಗಳನ್ನು ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಎಂದು ಗುರುತಿಸುವುದೆಂದರೆ ಆಗುತ್ತಿರಲಿಲ್ಲ. ‘ಕನ್ನಡ’ ಎಂಬ ಪದಕ್ಕೆ ಮೂರೂ ಹ್ರಸ್ವಾಕ್ಷರ ಎಂದುಕೊಂಡು ಮೂರು ಲಘು ಹಾಕಿದ್ದಳು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ನಿಯಮ ಅವಳಿಗೆ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಅಕ್ಕೋರು ಪೆನ್ನು ಕೆಳಗಿಡಿಸಿ ಚಪ್ಪಾಳೆ ತಟ್ಟಲು ಹೇಳಿದರು. ‘ಕಮಲ’ ಎನ್ನುವಾಗ ಮೂರು ಸಮವಾದ ತಟ್ಟು. ‘ಕನ್ನಡ’ ಎನ್ನುವಾಗ ನಾಲಗೆ ‘ಕನ್’ ಎಂಬಲ್ಲಿ ತಾನಾಗಿಯೇ ನಿಂತು, ಒಂದು ತಟ್ಟಿನ ಕಾಲ ಹೆಚ್ಚಿಗೆ ತೆಗೆದುಕೊಳ್ಳುತ್ತದೆ. ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ. ಅಲ್ಲಿಂದ ಭಾಮಿನಿ ಷಟ್ಪದಿಗೆ ಹೋದರು. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರ ಗಣಗಳು, 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, 23 ಮಾತ್ರೆ. ಪಡಸಾಲೆಯಲ್ಲಿದ್ದ ಸಣ್ಣ ಮಕ್ಕಳೂ ತಮ್ಮ ಕೆಲಸ ಬಿಟ್ಟು ತಟ್ಟತೊಡಗಿದರು. ಆ ರಾತ್ರಿ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಷಟ್ಪದಿ ಹೇಳಿದಳು. ಪಠ್ಯದ ಪದ್ಯವೊಂದನ್ನು ಅವಳು ತಾನಾಗಿ ಗಟ್ಟಿಯಾಗಿ ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಲ್ಲಿ ಕನ್ನಡ ಮಾಧ್ಯಮದ ಮತ್ತು ಇಂಗ್ಲಿಷ್ ಮಾಧ್ಯಮದ ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ಇದು ಗೊಂದಲಕ್ಕೆ ಕಾರಣವಾಗಬಹುದೆಂಬ ಭಯ ನನಗಿತ್ತು, ಲಾಭವೇ ಆಯಿತು. ‘ದ್ಯುತಿಸಂಶ್ಲೇಷಣೆ’ ಎಂಬ ಪದವನ್ನು ಕಂಡು ಹೆದರಿದ್ದ ಹುಡುಗಿಗೆ, ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು ಎಂದು ಬಿಡಿಸಿ ಹೇಳಿದ ಅಕ್ಕೋರು, ಪಕ್ಕದಲ್ಲಿ ‘ಫೋಟೋಸಿಂಥೆಸಿಸ್’ ಎಂದು ಉರು ಹೊಡೆಯುತ್ತಿದ್ದ ನನ್ನ ಮಗನಿಗೂ ಆ ಪದದಲ್ಲಿ ಇರುವುದು ಅದೇ ಎರಡು ಅರ್ಥ ಎಂದು ತೋರಿಸಿದರು. ಎಲೆ ಬೆಳಕಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಕೂಡಿಸಿ ಸಕ್ಕರೆ ಕಟ್ಟುತ್ತದೆ ಎಂಬ ಸಂಗತಿ ಹೆಸರಿನಲ್ಲೇ ಇದೆ ಎಂದು ತಿಳಿದ ಮೇಲೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯ ಇಬ್ಬರಿಗೂ ಬೀಳಲಿಲ್ಲ.

ಸಮಾಜ ವಿಜ್ಞಾನದ ಪ್ರಶ್ನೆಗಳಿಗೆ ಮೊದಲು ನಕಾಶೆಯ ಮುಂದೆ ನಿಲ್ಲಬೇಕು. ಪಶ್ಚಿಮ ಘಟ್ಟಗಳ ಪೂರ್ವಕ್ಕೆ ಮಳೆ ಏಕೆ ಕಡಿಮೆ ಎಂಬ ಪ್ರಶ್ನೆಗೆ ಗೈಡಿನಲ್ಲಿ ‘ಮಳೆನೆರಳಿನ ಪ್ರದೇಶ’ ಎಂಬ ಒಂದು ಸಾಲು ಇರುತ್ತದೆ. ಇಲ್ಲಿ ಮಗುವಿನ ಬೆರಳನ್ನು ದಾಂಡೇಲಿಯ ಮೇಲಿಡಿಸಿ, ಅಳ್ನಾವರ, ಧಾರವಾಡ, ಅಣ್ಣಿಗೇರಿ, ಗದಗ ಎಂದು ಪೂರ್ವಕ್ಕೆ ಸರಿಸುತ್ತ, ಎಲ್ಲಿ ಕಾಡು, ಎಲ್ಲಿ ಭತ್ತ, ಎಲ್ಲಿ ಹತ್ತಿ ಮತ್ತು ಜೋಳ ಎಂದು ಅದರ ಬಾಯಿಂದಲೇ ಹೇಳಿಸುತ್ತಾರೆ. ನಾವು ಮಲೆನಾಡಿನ ಸೆರಗಿನಲ್ಲಿದ್ದೇವೆ ಎಂಬುದು ಬಸ್ಸಿನ ಕಿಟಕಿಯಿಂದ ನೋಡಿದ ಯಾವ ಮಗುವಿಗೂ ಗೊತ್ತು. ಅದು ಪಾಠದ ಉತ್ತರವೂ ಹೌದು ಎಂದು ಯಾರೋ ಹೇಳಬೇಕಷ್ಟೆ. ನದಿಗಳ ಪಾಠಕ್ಕೂ ಇದೇ ರೀತಿ. ಊರ ಬದಿಯ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ; ನಮ್ಮ ನಲ್ಲಿಗೆ ಬರುವ ಮಲಪ್ರಭೆಯಾದರೋ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪೂರ್ವಕ್ಕೆ ಹರಿಯುವ ಮತ್ತು ಪಶ್ಚಿಮಕ್ಕೆ ಹರಿಯುವ ನದಿಗಳ ಪಟ್ಟಿ ಬರೆಯಿರಿ ಎಂಬ ಪ್ರಶ್ನೆಯನ್ನು ಇಷ್ಟು ಹತ್ತಿರದಿಂದ ಕಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಂಗ್ಲಿಷ್ ಮತ್ತು ಹಿಂದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವ್ಯಾಕರಣದ ಅಭ್ಯಾಸಗಳನ್ನು ಸರಿಯಾಗಿ ಮಾಡಿಸುತ್ತಾರೆ. ಹಿಂದಿಯಲ್ಲಿ ನಿರ್ಜೀವ ವಸ್ತುಗಳಿಗೂ ಇರುವ ಪುಲ್ಲಿಂಗ, ಸ್ತ್ರೀಲಿಂಗ ನಮ್ಮ ಮಕ್ಕಳಿಗೆ ಯಾವಾಗಲೂ ತೊಡಕು. ಅದಕ್ಕೆ ಪದಗಳನ್ನು ವಿಶೇಷಣದೊಡನೆ ಜೋಡಿಯಾಗಿ ನೆನಪಿಡುವ ರೂಢಿ ಮಾಡಿಸಿದ್ದಾರೆ. ಆದರೆ ಇಂಗ್ಲಿಷ್ ಪ್ರಬಂಧ, ಪತ್ರಗಳಲ್ಲಿ ಮಕ್ಕಳು ಒಂದೇ ಅಚ್ಚಿನ ವಾಕ್ಯಗಳನ್ನು ಬರೆಯುತ್ತಾರೆ. ಅದನ್ನು ತಿದ್ದುವಷ್ಟು ಸಮಯ ಅಲ್ಲಿ ಸಿಗುವುದಿಲ್ಲ.

ದೊಡ್ಡ ಕೊರತೆ ಇರುವುದು ಒಂಬತ್ತು ಮತ್ತು ಹತ್ತನೆಯ ತರಗತಿಯ ವಿಜ್ಞಾನದಲ್ಲಿ, ಅದರಲ್ಲೂ ಭೌತಶಾಸ್ತ್ರದಲ್ಲಿ. ಅದು ತಮ್ಮ ವಿಷಯವಲ್ಲವೆಂದು ಅಕ್ಕೋರು ಮುಚ್ಚಿಡದೆ ಹೇಳುತ್ತಾರೆ. ವಾರಕ್ಕೆ ಎರಡು ದಿನ ಬಿ.ಎಸ್ಸಿ. ಓದುತ್ತಿರುವ ಯುವಕನೊಬ್ಬ ಬಂದು ಕಲಿಸುತ್ತಾನೆ. ವಿಷಯ ಬಲ್ಲ ಹುಡುಗ, ಒಳ್ಳೆಯ ಮನಸ್ಸಿನವನು. ಆದರೆ ಅವಸರದಲ್ಲಿ ಸೂತ್ರ ಬರೆದು ಉತ್ತರ ಮುಟ್ಟಿಬಿಡುತ್ತಾನೆ. 4 ಓಮ್ ಮತ್ತು 12 ಓಮ್‌ಗಳ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಒಟ್ಟು ರೋಧವೆಷ್ಟು ಎಂಬ ಲೆಕ್ಕದಲ್ಲಿ ಮಗಳು ನಾಲ್ಕನೆಯ ಒಂದು ಭಾಗಕ್ಕೆ ಹನ್ನೆರಡನೆಯ ಒಂದು ಭಾಗವನ್ನು ಕೂಡಿ, ಮೂರನೆಯ ಒಂದು ಭಾಗ ಪಡೆದು, ಅದನ್ನೇ ಉತ್ತರವೆಂದು ಬರೆದಿದ್ದಳು. ಅವನು ಅದನ್ನು ತಿರುವಿ 3 ಓಮ್ ಎಂದು ಮಾಡಿಕೊಟ್ಟು ಮುಂದಿನ ಲೆಕ್ಕಕ್ಕೆ ಹೋದ. ಉತ್ತರ ಸರಿಹೋಯಿತು, ಮಗಳ ತಪ್ಪು ಹಾಗೆಯೇ ಉಳಿಯಿತು; ಮರುವಾರದ ಕಿರುಪರೀಕ್ಷೆಯಲ್ಲಿ ಅದೇ ತಪ್ಪು ಮಾಡಿ ಬಂದಳು. ವಿದ್ಯುತ್ತಿಗೆ ಎರಡು ದಾರಿ ಸಿಕ್ಕಾಗ ಒಟ್ಟು ತಡೆ ಚಿಕ್ಕ ರೋಧಕಕ್ಕಿಂತಲೂ ಕಡಿಮೆಯಾಗುತ್ತದೆ, ಆದರೆ ರೋಧಕಗಳು ಎರಡೇ ಇದ್ದಾಗ ಆ ಚಿಕ್ಕದರ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಇಲ್ಲಿ ಉತ್ತರ 2 ಓಮ್ ಮತ್ತು 4 ಓಮ್‌ಗಳ ನಡುವೆಯೇ ಬೀಳಬೇಕು ಎಂದು ಮೊದಲೇ ಅಂದಾಜು ಮಾಡಿಸಿದ್ದರೆ, ಮೂರನೆಯ ಒಂದು ಭಾಗ ಎಂದು ಬರೆಯುವಾಗಲೇ ಅವಳ ಕೈ ತಡೆಯುತ್ತಿತ್ತು. ಶೇಂಗಾ ಕೀಳುವ ಲೆಕ್ಕದಲ್ಲಿ ಅಕ್ಕೋರು ಮಾಡಿಸಿದ್ದೂ ಇದನ್ನೇ ಅಲ್ಲವೇ? ಆ ಪದ್ಧತಿಯನ್ನು ಅವರು ಈ ಯುವಕನಿಗೂ ಕಲಿಸಿಕೊಡಬೇಕೆಂದು ನಾನು ಅವರಿಗೇ ಹೇಳಿದ್ದೇನೆ. ಒಪ್ಪಿದ್ದಾರೆ, ಬದಲಾವಣೆ ಇನ್ನೂ ಪೂರ್ತಿಯಾಗಿ ಕಂಡಿಲ್ಲ.

ಇಲ್ಲಿಗೆ ಸೇರಿಸುವ ಮೊದಲು ಆರು ತಿಂಗಳು ಒಂದು ಮೊಬೈಲ್ ಆ್ಯಪ್‌ ಬಳಸಿದ್ದೆವು. ಪ್ರಶ್ನೆಯ ಫೋಟೋ ತೆಗೆದರೆ ಕ್ಷಣದಲ್ಲಿ ಉತ್ತರ ಬರುತ್ತಿತ್ತು. ಗಣಿತದಲ್ಲಿ ಉತ್ತರ ಬಹುಮಟ್ಟಿಗೆ ಸರಿಯಿರುತ್ತಿತ್ತು, ಆದರೆ ಹಂತಗಳು ಶಾಲೆಯಲ್ಲಿ ಕಲಿಸಿದ ರೀತಿಯಲ್ಲಿರುತ್ತಿರಲಿಲ್ಲ. ಕನ್ನಡದಲ್ಲಂತೂ ‘ಮಳೆಗಾಲ’ವನ್ನು ‘ಮಳೆ’ ಮತ್ತು ‘ಗಾಲ’ ಎಂದು ಬಿಡಿಸಿ, ಅದನ್ನು ಲೋಪಸಂಧಿ ಎಂದಿತು. ಮಗ ಹಾಗೆಯೇ ಬರೆದುಕೊಂಡು ಹೋದ. ಆ ಆರು ತಿಂಗಳು ಹೋಮ್‌ವರ್ಕ್‌ ಒಂದು ದಿನವೂ ತಪ್ಪಲಿಲ್ಲ, ಪರೀಕ್ಷೆಯ ಅಂಕಗಳು ಮಾತ್ರ ಇಳಿದವು. ಫೋನೇ ಬೇಡವೆಂಬ ಹಟ ಅಕ್ಕೋರಿಗಿಲ್ಲ. ಪಠ್ಯಪುಸ್ತಕದಲ್ಲಿ ಮುದ್ರಿಸಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಹೃದಯದೊಳಗೆ ರಕ್ತ ಸಾಗುವ ದಾರಿಯಂಥ ಕಣ್ಣಿನಿಂದ ನೋಡಿಯೇ ತಿಳಿಯಬೇಕಾದ ಪಾಠಗಳ ವೀಡಿಯೋ ತೋರಿಸುತ್ತಾರೆ. ನೋಡಿದ ಮೇಲೆ ಚಿತ್ರವನ್ನು ಪುಸ್ತಕ ಮುಚ್ಚಿ ಬಿಡಿಸಬೇಕು.

ಇನ್ನೊಂದು ತೊಂದರೆಯನ್ನು ಹೇಳಲೇಬೇಕು. ಹೀಗೆ ನಿಧಾನವಾಗಿ ಕಲಿತಾಗ ಹತ್ತು ಲೆಕ್ಕಗಳ ಹೋಮ್‌ವರ್ಕ್‌ನಲ್ಲಿ ಆರೋ ಏಳೋ ಆಗುತ್ತವೆ. ಉಳಿದದ್ದನ್ನು ಮಗು ಮನೆಯಲ್ಲಿ ಮಾಡಬೇಕು. ಆಗದಿದ್ದರೆ, ‘ಇಷ್ಟನ್ನು ತಿಳಿದು ಮಾಡಿದ್ದಾನೆ, ಮಿಕ್ಕದ್ದಕ್ಕೆ ಒಂದು ದಿನ ಕೊಡಿ’ ಎಂದು ಅಕ್ಕೋರು ಚೀಟಿ ಬರೆದುಕೊಡುತ್ತಾರೆ. ಮಗನ ಗಣಿತದ ಶಿಕ್ಷಕರು ಆ ಚೀಟಿಯನ್ನು ಗೌರವಿಸಿದರು. ಮತ್ತೊಬ್ಬ ಹುಡುಗನ ಶಾಲೆಯಲ್ಲಿ ಅದನ್ನು ಒಪ್ಪದೆ, ಅಪೂರ್ಣ ವಹಿಗಾಗಿ ಅವನನ್ನು ತರಗತಿಯ ಹೊರಗೆ ನಿಲ್ಲಿಸಿದರು. ಅವನ ತಾಯಿ ಕಣ್ಣೀರು ಹಾಕಿಕೊಂಡು ಬಂದು ಅವನನ್ನು ಬಿಡಿಸಿ, ಉತ್ತರ ಬರೆಸುವ ಟ್ಯೂಷನ್‌ಗೆ ಸೇರಿಸಿದರು. ನನಗೆ ಆ ತಾಯಿಯ ಮೇಲೆ ಸಿಟ್ಟಿಲ್ಲ. ಪುಟ ತುಂಬಿದೆಯೇ ಎಂದಷ್ಟೇ ನೋಡಿ ಸಹಿ ಹಾಕುವ ಶಾಲೆಗಳಿರುವವರೆಗೆ ಇಂಥ ಪಾಠದ ಬೆಲೆಯನ್ನು ಮಕ್ಕಳೇ ತೆರಬೇಕಾಗುತ್ತದೆ, ಅದು ನೋವಿನ ಸಂಗತಿ. ಸೇರಿಸುವ ಮೊದಲು ತರಗತಿಯ ಶಿಕ್ಷಕರೊಡನೆ ಒಂದು ಮಾತು ಆಡಿಬರುವುದು ಒಳ್ಳೆಯದು.

ಜನವರಿಯಿಂದ ಮಾರ್ಚ್‌ವರೆಗೆ ಹತ್ತನೆಯ ತರಗತಿಯವರೇ ಅಕ್ಕೋರ ಹೆಚ್ಚಿನ ಸಮಯ ತೆಗೆದುಕೊಳ್ಳುತ್ತಾರೆ. ಐದು, ಆರನೆಯ ತರಗತಿಯ ಮಕ್ಕಳು ದೊಡ್ಡವರ ಕೈಯಲ್ಲಿ ಹೇಳಿಸಿಕೊಳ್ಳಬೇಕಾಗುತ್ತದೆ. ಅದೂ ಒಂದು ರೀತಿಯ ಕಲಿಕೆಯೇ, ಆದರೂ ಕೊಟ್ಟ ಶುಲ್ಕಕ್ಕೆ ಆ ಮೂರು ತಿಂಗಳು ಚಿಕ್ಕವರಿಗೆ ನ್ಯಾಯವಾಗುವುದಿಲ್ಲ. ಪಿಯುಸಿಯ ನಂತರದ ಪ್ರವೇಶ ಪರೀಕ್ಷೆಗಳಿಗೆ ಈಗಿನಿಂದಲೇ ತಯಾರಿ ಬೇಕೆನ್ನುವವರಿಗೆ ಇದು ಸರಿಯಾದ ಜಾಗವಲ್ಲ. ಓದಲು ಕುಳಿತರೂ ತಲೆಗೆ ಹತ್ತುತ್ತಿಲ್ಲ ಎನ್ನುವ, ಪ್ರಶ್ನೆ ಕಂಡ ಕೂಡಲೇ ಗೈಡು ತೆರೆಯುವ, ಐದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ನಾನು ಇದನ್ನು ಯಾವ ಸಂಕೋಚವೂ ಇಲ್ಲದೆ ಸೂಚಿಸುತ್ತೇನೆ.

ಮಗನನ್ನು ಒಂಬತ್ತನೆಯ ತರಗತಿಗೂ ಇಲ್ಲೇ ಮುಂದುವರಿಸುತ್ತಿದ್ದೇವೆ. ವಿಜ್ಞಾನಕ್ಕೆ ಮಾತ್ರ ಭಾನುವಾರ ಬೇರೆ ಕಡೆ ವ್ಯವಸ್ಥೆ ಮಾಡಿದ್ದೇವೆ. ಹೊಸಬರನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಸೇರಿಸಿಕೊಳ್ಳುತ್ತಾರೆ. ಹೋಗುವಾಗ ಹಿಂದಿನ ವರ್ಷದ ಅಂಕಪಟ್ಟಿ ಒಯ್ಯಬೇಕಿಲ್ಲ, ಅವರು ಅದನ್ನು ನೋಡುವುದಿಲ್ಲ. ಮಗುವಿನ ಹಳೆಯ ಗಣಿತದ ವಹಿ ಮತ್ತು ಕನ್ನಡದ ವಹಿಯನ್ನು, ಕೆಂಪು ಶಾಯಿಯ ತಿದ್ದುಗಳಿರುವ ಪುಟಗಳನ್ನು ಹರಿಯದೆ, ಇದ್ದ ಹಾಗೆಯೇ ಒಯ್ಯಿರಿ.